ಜಾಮ್ ಆದ ಹಳೇ ಮಾಡೆಲ್ ವಿಮಾನದ ಎಂಜಿನ್: ಬಿಸಿ, ಸ್ಪಿರಿಟ್, ಎಣ್ಣೆ, ಕೂಲೆಂಟ್, ಯಾವುದಕ್ಕೆ ಯಾವುದು?

ಸೋದರಮಾವನ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದಿಂದ ಒಂದು ತಗಡಿನ ಟ್ರಂಕ್ ಇಳಿಸಿದೆವು. ಎನ್‌ಸಿಸಿ ಏರ್ ವಿಂಗ್ ಕಾಲದ ಬೆಲ್ಟು, ಒಂದಿಷ್ಟು ಬಾಲ್ಸಾ ಮರದ ಚೂರು, ಅದರ ಅಡಿಯಲ್ಲಿ ಪೇಪರಿನಲ್ಲಿ ಸುತ್ತಿಟ್ಟ ಎರಡು ಎಂಜಿನ್. ಒಂದು ಜಪಾನಿನ ಓ.ಎಸ್. ಮ್ಯಾಕ್ಸ್ 35. ಇನ್ನೊಂದು ಕೋಲ್ಕತ್ತಾದಲ್ಲಿ ತಯಾರಾದ ಅರೋರಾ ಡೀಸೆಲ್. ಎರಡನ್ನೂ ತಿರುಗಿಸಿ ನೋಡಿದೆ. ಎರಡೂ ತಿರುಗಲಿಲ್ಲ.

ಮಾವ ಏಣಿ ಮೇಲಿಂದಲೇ ‘ಸೀಜ್ ಆಗಿದೆ ಕಣೋ, ಗುಜರಿಗೆ ಹಾಕು’ ಅಂದರು. ನನ್ನ ಕೈ ಆಗಲೇ ಇಕ್ಕಳ ಹುಡುಕುತ್ತಿತ್ತು. ಎರಡೂ ತಪ್ಪು. ಇಂಥ ಎಂಜಿನ್‌ಗಳಲ್ಲಿ ಬಹುಪಾಲು ನಿಜವಾಗಿ ಸೀಜ್ ಆಗಿರುವುದಿಲ್ಲ. ಬೈಕ್ ಎಂಜಿನ್ ಸೀಜ್ ಆಯಿತು ಅಂದರೆ ಲೋಹಕ್ಕೆ ಲೋಹ ಉಜ್ಜಿ ಕಚ್ಚಿಕೊಂಡಿದೆ ಅಂತ ಅರ್ಥ. ಟ್ರಂಕಿನಲ್ಲಿ ಮಲಗಿದ್ದ ಮಾಡೆಲ್ ಎಂಜಿನ್ ಕಥೆ ಬೇರೆ. ಅದು ಅಂಟಿಕೊಂಡಿರುತ್ತದೆ, ಅಷ್ಟೇ. ಅಂಟನ್ನು ಬಿಡಿಸುವುದಕ್ಕೂ ಕಚ್ಚಿಕೊಂಡ ಲೋಹವನ್ನು ಬಿಡಿಸುವುದಕ್ಕೂ ಬೇರೆ ಬೇರೆ ದಾರಿ. ಯಾವುದು ಅಂತ ಗೊತ್ತಿಲ್ಲದೆ ದಾರಿ ಆರಿಸಿದರೆ ಎಂಜಿನ್ ಹೋಗುತ್ತದೆ. ನನ್ನ ಎರಡು ಎಂಜಿನ್‌ಗಳಲ್ಲಿ ಒಂದು ಹಾಗೆಯೇ ಹೋಯಿತು, ಅದನ್ನು ಮುಂದೆ ಹೇಳುತ್ತೇನೆ.

ಅಂಟು ಎಲ್ಲಿಂದ ಬಂತು?

ಹರಳೆಣ್ಣೆಯಿಂದ. ಅಜ್ಜಿ ನೆತ್ತಿಗೆ ಹಚ್ಚುತ್ತಿದ್ದರಲ್ಲ, ಅದೇ.

ಹಳೇ ಕಾಲದ ಗ್ಲೋ ಎಂಜಿನ್‌ಗೆ (ನಮ್ಮ ಓ.ಎಸ್. ತರಹ, ಪ್ಲಗ್ಗಿನ ಕಾದ ತಂತಿಯಿಂದ ಇಂಧನ ಹೊತ್ತಿಸುವಂಥದ್ದು) ಹಾಕುತ್ತಿದ್ದ ಇಂಧನ ಅಂದರೆ ಮೆಥನಾಲ್, ಸ್ವಲ್ಪ ನೈಟ್ರೋಮೀಥೇನ್, ಜೊತೆಗೆ ಐದನೇ ಒಂದು ಭಾಗವೋ ಇನ್ನೂ ಜಾಸ್ತಿಯೋ ಹರಳೆಣ್ಣೆ. ಡೀಸೆಲ್ ಅಂತ ಕರೆಯುವ ಮಾಡೆಲ್ ಎಂಜಿನ್‌ಗೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಹೆಚ್ಚುಕಡಿಮೆ ಸಮಸಮ. ಎಷ್ಟು ಕಾದರೂ ಲೋಹಕ್ಕೆ ಅಂಟಿಕೊಂಡೇ ಇರುವ ಎಣ್ಣೆ ಇದು. ಪೆಟ್ರೋಲಿಗೆ ಸುಲಭವಾಗಿ ಕರಗುವುದಿಲ್ಲ ಅನ್ನುವ ಕಾರಣಕ್ಕೆ ಮೊದಲನೇ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಲ್ಲೂ ಇದೇ ಎಣ್ಣೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ, 1909ರಲ್ಲಿ. ಆ ಕಂಪನಿ ಕಟ್ಟಿದ ಚಾರ್ಲ್ಸ್ ವೇಕ್‌ಫೀಲ್ಡ್ ಅವರೇ ಮಾಡೆಲ್ ವಿಮಾನದ ಸ್ಪರ್ಧೆಗೆ ವೇಕ್‌ಫೀಲ್ಡ್ ಕಪ್ ಕೊಟ್ಟವರು. ತಮಾಷೆ ಅಂದರೆ ಆ ಕಪ್ ರಬ್ಬರ್ ಬ್ಯಾಂಡ್ ವಿಮಾನಗಳಿಗೆ. ಎಣ್ಣೆಯ ಹಂಗೇ ಇಲ್ಲ.

ಹರಳೆಣ್ಣೆಯ ತೊಂದರೆ ಏನು ಅಂತ ಮನೆಯಲ್ಲೇ ನೋಡಬಹುದು. ಹಳೇ ಬಾಟಲಿಯ ಮುಚ್ಚಳದ ಸುತ್ತ ಕಂದು ಬಣ್ಣದ ಜಿಗುಟು ಕಟ್ಟಿರುತ್ತದೆ. ಅದೇ ಜಿಗುಟು ಎಂಜಿನ್ ಒಳಗೆ, ಕಾದು, ವರ್ಷಗಟ್ಟಲೆ ಗಾಳಿಗೆ ಒಣಗಿ, ವಾರ್ನಿಷ್ ಆಗಿ ನಿಂತಿರುತ್ತದೆ. ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವೆ ಇರುವುದೇ ಕೂದಲೆಳೆಗಿಂತ ಕಡಿಮೆ ಜಾಗ. ಅಲ್ಲಿ ವಾರ್ನಿಷ್ ತುಂಬಿದರೆ ಫೆವಿಕಾಲ್ ಹಾಕಿದ ಹಾಗೆ.

ಮೊದಲು ಏನು ಹಿಡಿದುಕೊಂಡಿದೆ ಅಂತ ನೋಡಿ

ಗ್ಲೋ ಪ್ಲಗ್ ಬಿಚ್ಚಿ. 8 ಮಿ.ಮೀ. ಪಾನಾ ಸಾಕು. ಸೈಲೆನ್ಸರ್ ಇದ್ದರೆ ಅದನ್ನೂ ತೆಗೆಯಿರಿ. ಟಾರ್ಚ್ ಹಿಡಿದು ಎಕ್ಸಾಸ್ಟ್ ಕಿಂಡಿಯೊಳಗೆ ಇಣುಕಿ. ಜೇನುತುಪ್ಪದ ಬಣ್ಣವೋ ಬೆಲ್ಲದ ಪಾಕದ ಬಣ್ಣವೋ ಕಂಡರೆ ಅದು ಹರಳೆಣ್ಣೆ. ಖುಷಿಪಡಿ. ಇಟ್ಟಿಗೆ ಪುಡಿಯ ಕೆಂಪು ಕಂಡರೆ ತುಕ್ಕು. ಪಿಸ್ಟನ್ ಮೇಲೆ ಉದ್ದುದ್ದ ಗೀರು ಕಂಡರೆ ನಿಜವಾಗಿಯೂ ಲೋಹ ಕಚ್ಚಿದೆ, ಈ ಲೇಖನದ ಅರ್ಧಕ್ಕರ್ಧ ನಿಮಗೆ ಉಪಯೋಗಕ್ಕೆ ಬರಲ್ಲ.

ಆಮೇಲೆ ಪ್ರೊಪೆಲ್ಲರ್ ಕೂರುವ ಶಾಫ್ಟನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಆಚೆ ಈಚೆ ಆಡಿಸಿ. ಒಂದೆರಡು ಡಿಗ್ರಿ ‘ಟಿಕ್ ಟಿಕ್’ ಅಂತ ಅಲ್ಲಾಡಿ ನಿಂತರೆ ಕ್ರ್ಯಾಂಕ್ ಸರಿ ಇದೆ, ಪಿಸ್ಟನ್ ಅಂಟಿಕೊಂಡಿದೆ. ಆ ಟಿಕ್ ಅನ್ನುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಎರಡು ತುದಿಯಲ್ಲಿರುವ ಸಡಿಲ. ಒಂದಿಷ್ಟೂ ಅಲ್ಲಾಡದಿದ್ದರೆ ಶಾಫ್ಟ್ ಅಥವಾ ಬೇರಿಂಗ್ ಕೂಡ ಹಿಡಿದುಕೊಂಡಿದೆ. ನಮ್ಮ ಓ.ಎಸ್. ಮೊದಲನೇ ತರಹದ್ದು.

ಇನ್ನೊಂದು ಇದೆ, ಇದಕ್ಕೆ ಎಷ್ಟೋ ಜನ ಮೋಸ ಹೋಗುತ್ತಾರೆ. 1970ರ ದಶಕದ ನಂತರ ಜಾಸ್ತಿಯಾದ ಎಬಿಸಿ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಹಾಕಿದ ಹಿತ್ತಾಳೆ ಲೈನರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ. ಆ ಲೈನರ್ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ತಣ್ಣಗಿರುವಾಗ ಪಿಸ್ಟನ್ ತುದಿಗೆ ಬಂದು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ ಕೀರ್ ಅನ್ನುತ್ತದೆ. ಅದು ಜಾಮ್ ಅಲ್ಲ. ಮಾಡಿದ್ದೇ ಹಾಗೆ. ಕೆಳಗೆಲ್ಲ ಸಲೀಸಾಗಿ ತಿರುಗಿ ತುದಿಯಲ್ಲಿ ಮಾತ್ರ ನಿಂತರೆ ಕೂದಲು ಒಣಗಿಸುವ ಡ್ರೈಯರ್‌ನಲ್ಲಿ ಐದು ನಿಮಿಷ ಬಿಸಿ ಮಾಡಿ ನೋಡಿ. ದಾಟಿಹೋದರೆ ನಿಮ್ಮ ಎಂಜಿನ್‌ಗೆ ಏನೂ ಆಗಿಲ್ಲ.

ಬಿಸಿ: ನನ್ನ ಮೊದಲ ಆಯ್ಕೆ

ಅಂಟಿಗೆ ಬಿಸಿಯಷ್ಟು ಒಳ್ಳೆ ಮದ್ದು ಇನ್ನೊಂದಿಲ್ಲ. ಖರ್ಚಿಲ್ಲ, ವಾಸನೆ ಕಡಿಮೆ, ತಪ್ಪಾದರೂ ತಪ್ಪು ಚಿಕ್ಕದು. ಒಣಗಿದ ಹರಳೆಣ್ಣೆ 100 ಡಿಗ್ರಿ ಆಸುಪಾಸಿಗೆ ಬಂದರೆ ಮೆತ್ತಗಾಗುತ್ತದೆ. ಬಿಸಿಲಿಗಿಟ್ಟ ಬೆಲ್ಲದ ಹಾಗೆ.

ಓ.ಎಸ್. ಕಾರ್ಬ್ಯುರೇಟರ್ ತೆಗೆದಿಟ್ಟೆ. ಪ್ಲಾಸ್ಟಿಕ್, ರಬ್ಬರ್ ಏನಿದ್ದರೂ ಮೊದಲು ಬಿಚ್ಚಬೇಕು. ಎಂಜಿನ್ನನ್ನು ಒಂದು ಇಟ್ಟಿಗೆ ಮೇಲಿಟ್ಟು ಹೀಟ್ ಗನ್ ಹಿಡಿದೆ. ಒಂದು ಗೇಣು ದೂರದಲ್ಲಿ, ಸುತ್ತಲೂ ಆಡಿಸುತ್ತಾ. ಐದಾರು ನಿಮಿಷಕ್ಕೆ ಒಂದು ಹನಿ ನೀರು ಬಿಟ್ಟೆ, ಚುಯ್ ಅಂದಿತು. ಅಂದರೆ 100 ದಾಟಿದೆ. ಅಷ್ಟರಲ್ಲಿ ಹರಳೆಣ್ಣೆ ಕಾದ ವಾಸನೆ ಮನೆ ತುಂಬಾ. ಅತ್ತೆ ಅಡುಗೆಮನೆಯಿಂದ ‘ಯಾರಿಗೋ ಭೇದಿಗೆ ಔಷಧ ಕಾಸ್ತಿದ್ದೀಯೇನೋ?’ ಅಂತ ಕೇಳಿದರು.

ಚರ್ಮದ ಕೈಗವಸು ಹಾಕಿಕೊಂಡು ಪ್ರೊಪೆಲ್ಲರ್ ಹಿಡಿದೆ. ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. 10 ಇಂಚಿನ ಪ್ರೊಪೆಲ್ಲರಿನ ತುದಿ ನಡುವಿನಿಂದ 127 ಮಿ.ಮೀ. ದೂರ. ಒಳಗೆ ಕ್ರ್ಯಾಂಕ್ ಪಿನ್ ನಡುವಿನಿಂದ ಬರೀ 9 ಮಿ.ಮೀ. ಆಸುಪಾಸು. ತುದಿಯಲ್ಲಿ ಹಿಡಿದು ತಳ್ಳಿದರೆ ನಿಮ್ಮ ಕೈಬಲ ಹದಿನಾಲ್ಕು ಪಟ್ಟಾಗಿ ಆ ಕಡ್ಡಿಯಂಥ ಅಲ್ಯೂಮಿನಿಯಂ ರಾಡಿನ ಮೇಲೆ ಬೀಳುತ್ತದೆ. ಪಿಸ್ಟನ್ ತುದಿಯ ಹತ್ತಿರ ಇದ್ದರೆ ಇನ್ನೂ ಜಾಸ್ತಿ. ಅದಕ್ಕೇ ನಡುವಿಗೆ ಹತ್ತಿರ, ಒಂದಿಂಚು ಒಂದೂವರೆ ಇಂಚಿನಲ್ಲಿ ಹಿಡಿಯಿರಿ. ಒಂದೇ ಕಡೆ ಒತ್ತಬೇಡಿ. ಆಚೆ, ಈಚೆ, ಆಚೆ, ಈಚೆ.

ಮೊದಲ ಸಲ ಆಗಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಬಿಸಿ ಮಾಡಿದಾಗ ಆ ‘ಟಿಕ್’ ಸ್ವಲ್ಪ ದೊಡ್ಡದಾಯಿತು. ಕಾಲು ಸುತ್ತು. ಆಮೇಲೆ ಟಾಫಿ ಎಳೆದ ಹಾಗೆ ನಿಧಾನವಾಗಿ ಒಂದು ಪೂರ್ತಿ ಸುತ್ತು. ಅಲ್ಲಿಗೇ ನಿಲ್ಲಿಸಿ, ಬಿಸಿಯಿರುವಾಗಲೇ ಪ್ಲಗ್ ತೂತಿನಿಂದ ನಾಲ್ಕು ಹನಿ ಎಣ್ಣೆ ಬಿಟ್ಟು ಮತ್ತೆ ತಿರುಗಿಸಬೇಕು. ಇಲ್ಲದಿದ್ದರೆ ತಣಿದ ಮೇಲೆ ಮತ್ತೆ ಅಂಟಿಕೊಳ್ಳುತ್ತದೆ. ನನಗೆ ಗೊತ್ತಿರಲಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಕಲ್ಲು!

ಬಿಸಿ ಯಾವ ಎಂಜಿನ್‌ಗೆ ಎಷ್ಟು ಹೊಂದುತ್ತದೆ ಅನ್ನುವುದು ಲೋಹದ ಮೇಲೆ. 20 ಮಿ.ಮೀ. ವ್ಯಾಸದ ತುಂಡನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಅಲ್ಯೂಮಿನಿಯಂ ಸುಮಾರು 0.046 ಮಿ.ಮೀ. ಹಿಗ್ಗುತ್ತದೆ, ಹಿತ್ತಾಳೆ 0.038, ಉಕ್ಕು 0.024. ಹಳೇ ಓ.ಎಸ್. ತರಹದ, ಉಕ್ಕಿನ ಲೈನರ್ ಮತ್ತು ಎರಕದ ಕಬ್ಬಿಣದ ಪಿಸ್ಟನ್ ಇರುವ ಎಂಜಿನ್‌ಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿ ಹಿಗ್ಗುತ್ತವೆ, ಹೆದರಿಕೆ ಇಲ್ಲ. ಎಬಿಸಿ ಪಿಸ್ಟನ್‌ಗೆ ಹಾಕುವುದು ಸಿಲಿಕಾನ್ ಜಾಸ್ತಿ ಇರುವ, ಕಡಿಮೆ ಹಿಗ್ಗುವ ಅಲ್ಯೂಮಿನಿಯಂ. ಹಾಗಾಗಿ ಬಿಸಿಗೆ ಲೈನರ್ ಹೆಚ್ಚು ಅಗಲವಾಗಿ ಬಿಗಿ ಬಿಡುತ್ತದೆ. ರಿಂಗ್ (ಪಿಸ್ಟನ್ ಸುತ್ತ ಕೂರುವ ಬಳೆ) ಇರುವ ಅಲ್ಯೂಮಿನಿಯಂ ಪಿಸ್ಟನ್, ಉಕ್ಕಿನ ಲೈನರ್ ಇದ್ದರೆ ಮಾತ್ರ ಸ್ವಲ್ಪ ಯೋಚಿಸಿ. ಪಿಸ್ಟನ್ನೇ ಜಾಸ್ತಿ ಹಿಗ್ಗುವ ಜೋಡಿ ಅದು. ಅಂಥದ್ದಕ್ಕೆ ಸಿಲಿಂಡರ್ ಹೊರಗಿನಿಂದ ಬೇಗ ಬಿಸಿ ಮಾಡಿ, ಒಳಗಿನ ಪಿಸ್ಟನ್ ಕಾಯುವ ಮೊದಲೇ ಆಡಿಸಿ ನೋಡಬೇಕು.

ಓಟಿಜಿಯಲ್ಲಿ 110 ಡಿಗ್ರಿಗೆ ಅರ್ಧ ಗಂಟೆ ಇಡುವವರೂ ಇದ್ದಾರೆ. ಎಲ್ಲ ಕಡೆ ಸಮನಾಗಿ ಕಾಯುತ್ತದೆ, ನಿಜ. ಆದರೆ ಮುಂದಿನ ವಾರ ಕೇಕಿನಲ್ಲಿ ಎಂಜಿನ್ ವಾಸನೆ ಬಂದರೆ ನಾನು ಜವಾಬ್ದಾರನಲ್ಲ. ಬ್ಲೋ ಟಾರ್ಚ್ ಬೇಡವೇ ಬೇಡ. ಅಲ್ಯೂಮಿನಿಯಂ ಕೆಂಪಗಾಗಿ ಮುನ್ಸೂಚನೆ ಕೊಡುವುದಿಲ್ಲ, ಸೀದಾ ಕುಸಿಯುತ್ತದೆ.

ಸ್ಪಿರಿಟ್: ನಿಧಾನ, ಆದರೆ ಒಳಗೆ ಇಳಿಯುತ್ತದೆ

ಹೀಟ್ ಗನ್ ಇಲ್ಲದವರಿಗೆ, ಅಥವಾ ಮೂರು ನಾಲ್ಕು ಸಲ ಬಿಸಿ ಮಾಡಿಯೂ ಬಿಡದಿದ್ದರೆ, ಇದು ಎರಡನೇ ದಾರಿ. ಹರಳೆಣ್ಣೆ ಉಳಿದ ಎಣ್ಣೆಗಳ ಹಾಗಲ್ಲ. ಆಲ್ಕೋಹಾಲಿನಲ್ಲಿ ಕರಗುತ್ತದೆ, ಸೀಮೆಎಣ್ಣೆಯಲ್ಲಿ ಕರಗುವುದಿಲ್ಲ. ಡೀಸೆಲ್ ಮಾಡೆಲ್ ಎಂಜಿನ್‌ಗೆ ಮನೆಯಲ್ಲೇ ಇಂಧನ ಕಲಸಿದವರಿಗೆ ಇದು ಕಣ್ಣಾರೆ ಗೊತ್ತು. ಬಾಟಲಿಗೆ ಸೀಮೆಎಣ್ಣೆ, ಹರಳೆಣ್ಣೆ ಹಾಕಿ ಎಷ್ಟು ಕುಲುಕಿದರೂ ಸ್ವಲ್ಪ ಹೊತ್ತಿಗೆ ಎರಡು ಪದರ. ಈಥರ್ ಹುಯ್ದರೆ ಮಾತ್ರ ಒಂದಾಗುತ್ತದೆ. ಅದಕ್ಕೇ ‘ಸೀಮೆಎಣ್ಣೆಯಲ್ಲಿ ನೆನೆಹಾಕು’ ಅನ್ನುವ ಗ್ಯಾರೇಜಿನ ಸಲಹೆ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಬೈಕಿಗೆ ಸರಿ, ಇದಕ್ಕಲ್ಲ.

ಹಾಗಾದರೆ ಯಾವ ಸ್ಪಿರಿಟ್? ಮೆಥನಾಲ್ ಒಳ್ಳೆಯದು, ಆದರೆ ವಿಷ. ಚರ್ಮದಿಂದಲೂ ಒಳಗೆ ಹೋಗುತ್ತದೆ, ಕಣ್ಣಿಗೆ ಕುತ್ತು, ಹಗಲಲ್ಲಿ ಅದರ ಉರಿ ಕಾಣುವುದೇ ಇಲ್ಲ. ಎಂಜಿನ್ ನೆನೆಸುವುದಕ್ಕೆ ಅದರ ಹಿಂದೆ ಅಲೆಯುವ ಅಗತ್ಯವಿಲ್ಲ. ನಾನು ಬಳಸುವುದು ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದು. ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಮೆಡಿಕಲ್ ಸ್ಟೋರಿನ 70 ಪರ್ಸೆಂಟ್ ಸ್ಪಿರಿಟ್ ತರಬೇಡಿ. ಉಳಿದ 30 ನೀರು, ಆ ನೀರು ಸೀದಾ ಬೇರಿಂಗಿಗೆ ಹೋಗಿ ಕೂರುತ್ತದೆ. ಅಸಿಟೋನ್, ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಇನ್ನೂ ಚುರುಕು. ಆದರೆ ಪ್ಲಾಸ್ಟಿಕ್, ಓ-ರಿಂಗ್, ಎಂಜಿನ್ ಮೇಲಿನ ಬಣ್ಣ ಏನನ್ನೂ ಬಿಡುವುದಿಲ್ಲ.

ಗಾಜಿನ ಉಪ್ಪಿನಕಾಯಿ ಜಾಡಿ ಸಾಕು. ಎಂಜಿನ್ ಮುಳುಗುವಷ್ಟು ಹಾಕಿ, ಮುಚ್ಚಳ ಬಿಗಿ ಮಾಡಿ, ನೆರಳಲ್ಲಿಡಿ. ದಿನಕ್ಕೊಮ್ಮೆ ತೆಗೆದು ಆಡಿಸಿ ನೋಡಿ. ಎರಡನೇ ದಿನಕ್ಕೆ ದ್ರವ ಟೀ ಬಣ್ಣಕ್ಕೆ ತಿರುಗಿದರೆ ಕೆಲಸ ನಡೆಯುತ್ತಿದೆ ಅಂತ. ಒಂದು ವಾರ ಹಿಡಿಯಬಹುದು. ತುಂಬಾ ಕಾದು ಗಟ್ಟಿಯಾದ ವಾರ್ನಿಷ್ ಸ್ಪಿರಿಟಿಗೂ ಸುಲಭವಾಗಿ ಬಗ್ಗುವುದಿಲ್ಲ.

ಬಿಸಿ ಮತ್ತು ಸ್ಪಿರಿಟ್, ಎರಡನ್ನೂ ಒಟ್ಟಿಗೆ ಮಾಡೋಣ ಅಂತ ಅನ್ನಿಸುತ್ತದೆ. ಬೇಡ. ಅಸಿಟೋನಿನ ಆವಿ ಸೊನ್ನೆ ಡಿಗ್ರಿಗಿಂತ ಕೆಳಗೂ ಹೊತ್ತಿಕೊಳ್ಳುತ್ತದೆ. ಸ್ಪಿರಿಟಿನಿಂದ ತೆಗೆದ ಎಂಜಿನ್ ಪೂರ್ತಿ ಒಣಗಿ ಒಂದು ರಾತ್ರಿ ಕಳೆದ ಮೇಲೆಯೇ ಹೀಟ್ ಗನ್. ಕೆಲಸ ಮಾಡುವ ಕೋಣೆಯಲ್ಲಿ ದೇವರ ದೀಪ, ಊದುಬತ್ತಿಯೂ ಬೇಡ.

ಅದೇ ಟ್ರಂಕಿನಲ್ಲಿ ಹಳೇ ಇಂಧನದ ಬಾಟಲಿ ಸಿಕ್ಕಿದರೆ ಮುಚ್ಚಳಕ್ಕೆ ಕೈ ಹಾಕಬೇಡಿ. ಡೀಸೆಲ್ ಇಂಧನದ ಈಥರ್ ವರ್ಷಗಟ್ಟಲೆ ಇದ್ದರೆ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಅದು ಸಿಡಿಯುವ ವಸ್ತು. ಹಾಗೇ ಬಿಟ್ಟು ತಿಳಿದವರನ್ನು ಕರೆಯಿರಿ.

ತುಕ್ಕಿನ ಎಣ್ಣೆಗಳು: ಅಂಟಿಗಲ್ಲ, ತುಕ್ಕಿಗೆ

ಏನೇ ಜಾಮ್ ಆದರೂ ಡಬ್ಲ್ಯೂಡಿ-40 ಹೊಡೆಯುವುದು ನಮಗೆಲ್ಲ ಅಭ್ಯಾಸ. ಗೇಟಿನ ಕೀಲಿಗೆ ಸರಿ. ಒಣ ಹರಳೆಣ್ಣೆಗೆ ಅದು ಸೀಮೆಎಣ್ಣೆಯ ತಮ್ಮನಷ್ಟೇ. ಆದರೆ ಟಾರ್ಚ್ ಬೆಳಕಲ್ಲಿ ಕೆಂಪು ಕಂಡವರಿಗೆ ಈ ದಾರಿಯೇ ಬೇಕು. ಗ್ಲೋ ಎಂಜಿನ್‌ಗೆ ತುಕ್ಕು ಬರಲು ಮಳೆ ಬೇಕಿಲ್ಲ. ಮೆಥನಾಲ್ ಗಾಳಿಯಿಂದ ನೀರು ಹೀರುತ್ತದೆ, ನೈಟ್ರೋ ಉರಿದ ಮೇಲೆ ಉಳಿಯುವುದು ಆಮ್ಲದ ಗುಣದ್ದು. ಹಾರಿಸಿ ಬಂದು ಹಾಗೇ ಎತ್ತಿಟ್ಟರೆ ಮೊದಲು ಹೋಗುವುದು ಬಾಲ್ ಬೇರಿಂಗ್. ಹರಳೆಣ್ಣೆಯೇ ತುಂಬಿದ್ದ ಎಂಜಿನ್‌ಗಳಿಗೆ ತುಕ್ಕು ಕಡಿಮೆ. ಜಿಗುಟು ಕಾಟ ಕೊಟ್ಟರೂ ಕಾಪಾಡುತ್ತದೆ.

ತುಕ್ಕಿಗೆ ಹಳಬರ ಮಿಶ್ರಣ ಅಂದರೆ ಅಸಿಟೋನ್ ಅರ್ಧ, ಎಟಿಎಫ್ ಅರ್ಧ. ಎಟಿಎಫ್ ಅಂದರೆ ಆಟೋಮ್ಯಾಟಿಕ್ ಗೇರ್ ಕಾರಿಗೆ ಹಾಕುವ ಕೆಂಪು ಎಣ್ಣೆ. ಬೆಂಗಳೂರಲ್ಲಾದರೆ ಜೆ.ಸಿ. ರೋಡ್, ಬೇರೆ ಊರಲ್ಲಿ ಯಾವುದೇ ಆಟೋಮೊಬೈಲ್ ಅಂಗಡಿ. ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿ ಹಾಕಬೇಕು. ಅಸಿಟೋನ್ ತೆಳ್ಳಗೆ ಒಳಗೆ ನುಸುಳಿ ಎಣ್ಣೆಯನ್ನು ಎಳೆದುಕೊಂಡು ಹೋಗಿ ತಾನು ಆರಿಹೋಗುತ್ತದೆ. ದಿನಕ್ಕೆರಡು ಸಲ ನಾಲ್ಕು ಹನಿ, ಮೂರ್ನಾಲ್ಕು ದಿನ. ಸ್ವಲ್ಪ ತುಕ್ಕಾದರೆ ಬಿಡುತ್ತದೆ.

ಈಗ ನಾನು ಕೆಡಿಸಿದ ಕಥೆ. ಅರೋರಾ ಡೀಸೆಲ್. ಒಳಗೆ ಎಣ್ಣೆ ಜಾಸ್ತಿ ಹೋದಷ್ಟೂ ಒಳ್ಳೆಯದು ಅಂತ ಎಕ್ಸಾಸ್ಟ್ ಕಿಂಡಿಯಿಂದ ಬಿಟ್ಟೆ, ಬಿಟ್ಟೆ, ತುಂಬಿಸಿಬಿಟ್ಟೆ. ಪಿಸ್ಟನ್ ಕೆಳಗಿತ್ತು, ಅದರ ಮೇಲೆ ಕೆರೆಯ ಹಾಗೆ ಎಣ್ಣೆ ನಿಂತಿತು. ಎರಡು ದಿನ ಬಿಟ್ಟು ಆಡಿಸಿದರೆ ಸಲೀಸಾಗಿ ಹೊರಟಿತು! ಖುಷಿಯಲ್ಲಿ ಪ್ರೊಪೆಲ್ಲರ್ ಬೀಸಿ ತಿರುಗಿಸಿದೆ. ಧಡಕ್ಕನೆ ನಿಂತಿತು. ಗ್ಲೋ ಎಂಜಿನ್‌ನಲ್ಲಿ ಪ್ಲಗ್ ಬಿಚ್ಚಿದರೆ ಎಣ್ಣೆಗೆ ದಾರಿ ಇರುತ್ತದೆ. ಡೀಸೆಲ್‌ನಲ್ಲಿ ಪ್ಲಗ್ಗೇ ಇಲ್ಲ. ಮೇಲೆ ಸಿಲಿಂಡರಿನ ತುದಿ ಮುಚ್ಚುವ ಕಾಂಟ್ರಾ ಪಿಸ್ಟನ್, ಅದರ ಮೇಲೆ ಅದನ್ನು ಒತ್ತಿ ಸರಿಹೊಂದಿಸುವ ಕಂಪ್ರೆಷನ್ ಸ್ಕ್ರೂ. ಎಣ್ಣೆಯನ್ನು ಒತ್ತಿ ಚಿಕ್ಕದು ಮಾಡಲು ಆಗುತ್ತದೆಯೇ? ಬಗ್ಗಿದ್ದು ಕನೆಕ್ಟಿಂಗ್ ರಾಡ್. ಬಿಚ್ಚಿ ನೋಡಿದರೆ ಬಾಳೆಹಣ್ಣಿನ ಹಾಗಿತ್ತು.

ಡೀಸೆಲ್ ಇರುವವರು ಮೊದಲು ಕಂಪ್ರೆಷನ್ ಸ್ಕ್ರೂವನ್ನು ಎರಡು ಮೂರು ಸುತ್ತು ಹಿಂದಕ್ಕೆ ಬಿಚ್ಚಿ. ಎಣ್ಣೆ ಹನಿ ಲೆಕ್ಕದಲ್ಲಿ ಬಿಡಿ. ತಿರುಗಿಸುವ ಮೊದಲು ಎಂಜಿನ್ ತಲೆಕೆಳಗು ಮಾಡಿ ಪೂರ್ತಿ ಸುರಿಯಿರಿ.

ಕೂಲೆಂಟ್ ಪಾತ್ರೆ: ಬಿಡಿಸುವುದಕ್ಕಿಂತ ತೊಳೆಯುವುದಕ್ಕೆ

ಅಮೆರಿಕದ ಹವ್ಯಾಸಿಗಳಲ್ಲಿ ಜನಪ್ರಿಯವಾದ ವಿಧಾನ ಇದು. ಹಳೇ ಸ್ಲೋ ಕುಕ್ಕರಿನಲ್ಲಿ ಕಾರಿನ ಕೂಲೆಂಟ್ ಹಾಕಿ, ಎಂಜಿನ್ ಮುಳುಗಿಸಿ, ಕಡಿಮೆ ಬಿಸಿಯಲ್ಲಿ ರಾತ್ರಿಯಿಡೀ ಬಿಡುವುದು. ಬೆಳಗ್ಗೆ ಕಪ್ಪಾಗಿ ಸುಟ್ಟ ಹರಳೆಣ್ಣೆ ಹಲ್ಲುಜ್ಜುವ ಬ್ರಷ್ಷಿಗೆ ಬಿಟ್ಟುಬರುತ್ತದೆ. ಎಂಜಿನ್ ಹೊಸದರ ಹಾಗೆ ಹೊಳೆಯುತ್ತದೆ. ಹೊಳಪಿನಲ್ಲಿ ಇದನ್ನು ಮೀರಿಸುವ ವಿಧಾನ ನಾನು ನೋಡಿಲ್ಲ. ನ್ಯೂಜೆರ್ಸಿಯಲ್ಲಿರುವ ಗೆಳೆಯ ಒಬ್ಬ ಹಳೇ ಎಂಜಿನ್ ಕೊಂಡಾಗಲೆಲ್ಲ ಮೊದಲು ಮಾಡುವುದು ಇದನ್ನೇ.

ಆದರೂ ಜಾಮ್ ಬಿಡಿಸುವುದಕ್ಕೆ ಅಂತ ಮಾತ್ರ ನಾನು ಇದನ್ನು ಹೇಳುವುದಿಲ್ಲ. ಕೂಲೆಂಟಿನ ಎಥಿಲೀನ್ ಗ್ಲೈಕಾಲ್ ವಿಷ, ಜೊತೆಗೆ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಮಕ್ಕಳೂ ಬಾಯಿಗಿಡಬಹುದು. ಪಾತ್ರೆ ಮತ್ತೆ ಅಡುಗೆಗೆ ಬರುವುದಿಲ್ಲ, ಮನೆಯೊಳಗೆ ಮಾಡುವ ಹಾಗಿಲ್ಲ, ಗ್ಯಾಸ್ ಒಲೆ ಮೇಲೆ ಕುದಿಸುವ ಹಾಗಿಲ್ಲ, ಮುಗಿದ ಮೇಲೆ ಮೋರಿಗೆ ಸುರಿಯುವ ಹಾಗೂ ಇಲ್ಲ. ನಮ್ಮ ಕಡೆ ಸ್ಲೋ ಕುಕ್ಕರ್ ಇರುವ ಮನೆಯೇ ಕಡಿಮೆ. ಜೊತೆಗೆ ಕೂಲೆಂಟಿನಲ್ಲಿ ನೀರಿರುತ್ತದೆ. ತೆಗೆದ ತಕ್ಷಣ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಅದೇ ಗಳಿಗೆಯಲ್ಲಿ ಎಣ್ಣೆ ಹಾಕದಿದ್ದರೆ ಬೇರಿಂಗ್ ಸಂಜೆಗೇ ಕೆಂಪು. ಎಂಜಿನ್ ಪೂರ್ತಿ ಬಿಚ್ಚಲು ಬರುವವರಿಗೆ, ಶೋಕೇಸಿಗೆ ಅಂದವಾಗಿ ಬೇಕು ಅನ್ನುವವರಿಗೆ ಸರಿ. ಉಳಿದವರಿಗೆ ಬಿಸಿಯೇ ಸಾಕು.

ಬಿಚ್ಚುವುದು

ಎಲ್ಲ ಆದ ಮೇಲೂ ಬಿಡದಿದ್ದರೆ ಬಿಚ್ಚಬೇಕು. ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದರೆ ಕ್ರ್ಯಾಂಕ್ ಕಾಣುತ್ತದೆ. ಹೆಡ್ ತೆಗೆದು ಕೇಸ್ ಬಿಸಿ ಮಾಡಿದರೆ, ಅಲ್ಯೂಮಿನಿಯಂ ಜಾಸ್ತಿ ಹಿಗ್ಗುವ ಕಾರಣ, ಲೈನರ್ ಸಡಿಲವಾಗಿ ಮೇಲೆ ಬರುತ್ತದೆ. ಬೇರಿಂಗ್ ಕೂಡ ಹಾಗೇ. ಕೇಸನ್ನು ಚೆನ್ನಾಗಿ ಬಿಸಿ ಮಾಡಿ ಮರದ ಮಣೆ ಮೇಲೆ ಒಮ್ಮೆ ಕುಟ್ಟಿದರೆ ತಾನಾಗಿಯೇ ಉದುರುತ್ತದೆ. ಬೇರಿಂಗ್ ಮೇಲೆ ನಂಬರ್ ಇರುತ್ತದೆ. ಅಳಿಸಿಹೋಗಿದ್ದರೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ವರ್ನಿಯರ್‌ನಲ್ಲಿ ಅಳೆದು ಬೇರಿಂಗ್ ಅಂಗಡಿಗೆ ಹೋಗಿ. ಹೆಚ್ಚಿನವು ಸಾಮಾನ್ಯ ಅಳತೆಯವೇ.

ಎಕ್ಸಾಸ್ಟ್ ಕಿಂಡಿಯಲ್ಲಿ ಸ್ಕ್ರೂಡ್ರೈವರ್ ತುರುಕಿ ಪಿಸ್ಟನ್ ಮೀಟಬೇಡಿ. ಕಿಂಡಿಯ ಅಂಚಿನಲ್ಲಿ ಒಂದು ಗಾಯವಾದರೆ ಕಂಪ್ರೆಷನ್ ಮುಗಿಯಿತು. ಸಿಲಿಂಡರಿನ ರೆಕ್ಕೆಗಳಿಗೆ ಇಕ್ಕಳ ಹಾಕಬೇಡಿ. ವೈಸ್‌ಗೆ ಸೀದಾ ಕಚ್ಚಿಸಬೇಡಿ, ನಡುವೆ ಮರದ ತುಂಡಿರಲಿ. ಕಾಸ್ಟಿಕ್ ಸೋಡಾ, ಓವನ್ ಕ್ಲೀನರ್ ಅಲ್ಯೂಮಿನಿಯಂನ್ನೇ ತಿನ್ನುತ್ತವೆ. ಟಾಯ್ಲೆಟ್ ತೊಳೆಯುವ ಆಸಿಡ್ ಬಗ್ಗೆ ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ.

ಹಾಗಾದರೆ ನಿಮ್ಮ ಎಂಜಿನ್‌ಗೆ ಯಾವುದು?

ಕಬ್ಬಿಣದ ಪಿಸ್ಟನ್ನಿನ ಹಳೇ ಓ.ಎಸ್., ಎನ್ಯಾ, ಫಾಕ್ಸ್ ಇದ್ದರೆ ಎರಡನೇ ಯೋಚನೆ ಬೇಡ, ಬಿಸಿ. ಎಬಿಸಿಗೂ ಬಿಸಿಯೇ. ತಣ್ಣಗಿರುವಾಗ ತುದಿ ದಾಟಿಸಲು ಹೋಗಬೇಡಿ. ರಿಂಗ್ ಇರುವ ದೊಡ್ಡ ಎಂಜಿನ್‌ಗೆ ನಾನು ಮೊದಲು ಸ್ಪಿರಿಟಿನಲ್ಲಿ ಮೂರು ದಿನ ನೆನೆಸಿ, ಒಣಗಿಸಿ, ಆಮೇಲೆ ಬಿಸಿಗೆ ಹೋಗುತ್ತೇನೆ. ರಿಂಗ್ ತಾನು ಕೂರುವ ತೋಡಿನಲ್ಲಿ ಅಂಟಿದ್ದರೆ ಬರೀ ಬಿಸಿಯಲ್ಲಿ ತಿರುಗಿಸುವಾಗ ಮುರಿಯಬಹುದು.

ಕಾಕ್ಸ್ 049, ಅಂದರೆ 0.8 ಸಿಸಿಯ ಗೊಂಬೆಯಂಥ ಎಂಜಿನ್, ಬೇರೆಯೇ ಜಾತಿ. ಸಿಲಿಂಡರ್ ಉಕ್ಕಿನದು, ಹಾಗೇ ತಿರುಚಿ ಬಿಚ್ಚುವಂಥದ್ದು. ಹಿಂದೆ ಕಾಗದದಂಥ ರೀಡ್ ವಾಲ್ವ್, ಕೆಲವು ಮಾಡೆಲ್‌ಗಳಲ್ಲಿ ಪ್ಲಾಸ್ಟಿಕ್ ಭಾಗ. ಹೀಟ್ ಗನ್ ಜೋರು, ಕೂದಲಿನ ಡ್ರೈಯರ್ ಸಾಕು. ಅದಕ್ಕೂ ಬಗ್ಗದಿದ್ದರೆ ಐಸೊಪ್ರೊಪೈಲ್. ಥಿನ್ನರ್ ಬೇಡ. ಡೀಸೆಲ್‌ಗೆ ಸ್ಕ್ರೂ ಸಡಿಲಿಸಿ ಬಿಸಿ, ಕಾಂಟ್ರಾ ಪಿಸ್ಟನ್ ಅಂಟಿದ್ದರೆ ಅದಕ್ಕೂ ಬಿಸಿಯೇ ಮದ್ದು.

ಸೈಟೋ, ಓ.ಎಸ್. ಫೋರ್ ಸ್ಟ್ರೋಕ್ ಇದ್ದರೆ ಆತುರ ಬೇಡ. ಅದರಲ್ಲಿ ಕ್ಯಾಮ್, ಪುಷ್‌ರಾಡ್, ವಾಲ್ವ್ ಎಲ್ಲ ಇವೆ. ಅಂಟಿರುವುದು ಪಿಸ್ಟನ್ನೋ ವಾಲ್ವೋ ಹೊರಗಿನಿಂದ ಗೊತ್ತಾಗುವುದಿಲ್ಲ. ತೆರೆದು ನಿಂತ ವಾಲ್ವಿಗೆ ಪಿಸ್ಟನ್ ತಾಗಿದರೆ ಎರಡೂ ಹೋಗುತ್ತವೆ. ಮೊದಲು ವಾಲ್ವ್ ಮುಚ್ಚಳ ತೆಗೆದು, ಎರಡೂ ವಾಲ್ವ್ ಬೆರಳಲ್ಲಿ ಒತ್ತಿ ಬಿಟ್ಟರೆ ಮತ್ತೆ ಮೇಲೆ ಬರುತ್ತವಾ ನೋಡಿ. ಆಮೇಲೆ ಉಳಿದದ್ದು.

ಡಬ್ಬದಿಂದಲೇ ತೆಗೆಯದ, ಒಮ್ಮೆಯೂ ಓಡಿಸದ ಹಳೇ ಎಂಜಿನ್ ಸಿಕ್ಕಿ ಅದು ಜಾಮ್ ಆಗಿದ್ದರೆ ಇನ್ನೊಂದು ಆಯ್ಕೆಯೂ ಇದೆ: ಏನೂ ಮಾಡದಿರುವುದು. ಸಂಗ್ರಹ ಮಾಡುವವರಿಗೆ ಸ್ಕ್ರೂ ತಲೆಯ ಮೇಲೆ ಪಾನಾ ಗುರುತು ಬೀಳದ ಎಂಜಿನ್ ಮುಖ್ಯ. ಓಡಿಸುವ ಆಸೆ ಇದ್ದರೆ ಮಾತ್ರ ಕೈ ಹಾಕಿ.

ಬಿಡಿಸಿದ ಮೇಲೆ ತಕ್ಷಣ ಓಡಿಸಬೇಡಿ. ಒಳಗೆ ಉದುರಿದ ವಾರ್ನಿಷ್ ಚೂರು ಇರುತ್ತದೆ. ಐಸೊಪ್ರೊಪೈಲ್ ಹಾಕಿ ತಿರುಗಿಸಿ, ಸುರಿದು, ಮತ್ತೆ ಹಾಕಿ, ಬಿಳಿ ಬಟ್ಟೆಗೆ ಬಣ್ಣ ಹತ್ತದಷ್ಟು ಹೊತ್ತು ತೊಳೆಯಿರಿ. ಒಣಗಿದ ಮೇಲೆ ಎಟಿಎಫ್ ಅಥವಾ ಹೊಲಿಗೆ ಮಷಿನ್ ಎಣ್ಣೆ. ಮತ್ತೆ ಎತ್ತಿಡುವುದಾದರೆ ಹರಳೆಣ್ಣೆ ಹಾಕಬೇಡಿ, ಇದೇ ಕಥೆ ಮತ್ತೆ ಶುರು.

ನಮ್ಮ ಓ.ಎಸ್. ಈಗ ಒಂದು ಮರದ ಹಲಗೆ ಮೇಲೆ ಕೂತಿದೆ. ಬೆರಳಲ್ಲಿ ತಿರುಗಿಸಿದರೆ ತುದಿಯಲ್ಲಿ ಒಂದು ಗಳಿಗೆ ತಡೆದು, ‘ಪೊಕ್’ ಅಂತ ದಾಟುತ್ತದೆ. ಮಾವ ಬಂದಾಗಲೆಲ್ಲ ಕೂತು ಪೊಕ್ ಪೊಕ್ ಅಂತ ಆಡಿಸುತ್ತಾರೆ. ಅರೋರಾ ಬಿಚ್ಚಿದ ಸ್ಥಿತಿಯಲ್ಲಿ ಬಿಸ್ಕತ್ ಡಬ್ಬದಲ್ಲಿದೆ. ಬಾಳೆಹಣ್ಣಿನಂಥ ರಾಡನ್ನು ಲೇತ್ ಅಂಗಡಿಗೆ ಕೊಟ್ಟು ಮೂರು ವಾರ ಆಯಿತು. ‘ಇಷ್ಟು ಚಿಕ್ಕದು ಯಾವ ಗಾಡಿದು ಸಾರ್?’ ಅಂತ ಫೋನ್ ಮಾಡಿ ಕೇಳಿದ್ದಾರೆ.